ಬಟನ್ನಿಗೆ ಸಿಕ್ಕಿಸಿದ ಚಕ್ಕೆ

ಶೇಖರಪ್ಪನವರು ನೋಟ್‌ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತಾಗ, ಯಾರದೋ ಮದುವೆಯ ವರ್ಣನೆ ಇರಬೇಕು ಎಂದುಕೊಂಡೆ. ನಮ್ಮ ತರಗತಿಯಲ್ಲಿ ಮದುವೆಯ ಬಗ್ಗೆ ಬರೆಯದವರೇ ಇಲ್ಲ. ಎಲೆಗೆ ಏನೇನು ಬಡಿಸಿದರು ಅನ್ನುವುದೇ ಎರಡು ಪುಟ ಆಗುತ್ತದೆ.

"ಮೇಡಂ, ಇದನ್ನ ನೀವೊಬ್ರೇ ಓದಿ. ಮುಂದಿನ ಬುಧವಾರ ನನ್ನ ಸರದಿ. ಇದನ್ನ ಓದ್ಲೋ ಬೇಡ್ವೋ ನೀವೇ ಹೇಳ್ಬೇಕು" ಎಂದರು.

ನಾನು ಶಾಂಭವಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಎಲ್ಲರ ತಪ್ಪು ತಿದ್ದುವುದು ಮನೆಯವರಿಗೆ ಸಾಕುಸಾಕಾಗಿ, ಪೀಣ್ಯದ ಗ್ರಂಥಾಲಯದ ಮಹಡಿ ಕೋಣೆಗೆ ನನ್ನನ್ನು ದಬ್ಬಿದರು. ಅರವತ್ತು ದಾಟಿದವರಿಗೆ ತಮ್ಮ ಬದುಕನ್ನು ಬರೆಯಲು ಕಲಿಸುವುದು ನನ್ನ ಕೆಲಸ. ಬರುವವರು ಎಂಟು ಜನ, ಹೆಚ್ಚಿನವರು ಇಲ್ಲಿನ ಕಾರ್ಖಾನೆ ಶೆಡ್ಡುಗಳಲ್ಲೇ ಸವೆದವರು. ನನ್ನದು ಒಂದೇ ನಿಯಮ: ಬರೆದದ್ದನ್ನು ಎದ್ದು ನಿಂತು ಓದಬೇಕು. ಬಚ್ಚಿಡುವುದಿದ್ದರೆ ಮನೆಯಲ್ಲೇ ಬರೆದುಕೊಳ್ಳಿ ಎಂದು ಮೊದಲ ದಿನವೇ ಗದರಿಸಿದ್ದೆ. ದೊಡ್ಡ ಜಂಬ ನನಗೆ.

ಶೇಖರಪ್ಪನವರಿಗೆ ಅರವತ್ತೆಂಟು. ತಿಪಟೂರಿನ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದು, ಮೂವತ್ತೇಳು ವರ್ಷ ಪವರ್ ಪ್ರೆಸ್ ನಡೆಸಿದವರು. ತಗಡು ಇಟ್ಟು ಬಟನ್ ಒತ್ತಿದರೆ ಮೇಲಿನ ಅಚ್ಚು ಧಡ್ಡೆಂದು ಇಳಿಯುತ್ತದೆ, ಫ್ಯಾನಿನ ಮುಚ್ಚಳ ಆಗುತ್ತದೆ. ಹೆಂಡತಿ ಕಮಲಮ್ಮ ತೀರಿಹೋದ ಮೇಲೆ ಇಸ್ತ್ರಿ ಕೂಡ ತಾವೇ ಮಾಡಿಕೊಳ್ಳುತ್ತಾರೆ. ತರಗತಿಗೆ ಅರ್ಧ ಗಂಟೆ ಮೊದಲೇ ಬಂದು ಕುರ್ಚಿ ಒರೆಸಿಡುತ್ತಾರೆ. ಗೆಳೆಯ ರೇವಣಸಿದ್ದನವರ ಕುರ್ಚಿಯನ್ನು ಎರಡು ಸಲ ಒರೆಸುತ್ತಾರೆ.

ರೇವಣಸಿದ್ದನವರು ಕಲಬುರಗಿಯ ಕಡೆಯವರು, ಅದೇ ಕಾರ್ಖಾನೆಯಲ್ಲಿದ್ದವರು. ಮೂವತ್ತೊಂದು ವರ್ಷದ ಹಿಂದೆ ಪ್ರೆಸ್ಸಿಗೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಎಡಗೈಯಲ್ಲಿ ಅಕ್ಷರ ಕೂಡಿಸುವುದನ್ನು ಕಲಿಯಲೆಂದೇ ನನ್ನಲ್ಲಿಗೆ ಬಂದರು. ಅವರ ಊಟದ ಡಬ್ಬಿಯ ಮುಚ್ಚಳ ತೆಗೆಯುವುದು, ಮೆಟ್ಟಿಲು ಇಳಿಯುವಾಗ ತೋಳು ಹಿಡಿಯುವುದು ಎಲ್ಲ ಶೇಖರಪ್ಪನವರೇ. ವಾಚ್‌ಮನ್ ಕೆಲಸ ಕೊಡಿಸಿದ್ದೂ ಅವರೇ. "ಶೇಖರಪ್ಪಣ್ಣ ಅಂದ್ರ ನನ್ನ ಪಾಲಿನ ದೇವ್ರು ನೋಡ್ರಿ ಮೇಡಂ" ಎಂದು ರೇವಣಸಿದ್ದನವರು ಅಂದಾಗಲೆಲ್ಲ ಶೇಖರಪ್ಪನವರು ಕಿಟಕಿಯ ಕಡೆ ತಿರುಗುತ್ತಿದ್ದರು. ಸಂಕೋಚ ಎಂದುಕೊಂಡಿದ್ದೆ ನಾನು, ಮೂರ್ಖಳು.

ಅವತ್ತು ಮನೆಗೆ ಹೋಗಿ ನೋಟ್‌ಪುಸ್ತಕ ತೆರೆದೆ. ಮೊದಲ ಮೂರು ಪುಟ, ಕೊಂಡ ಮೊದಲ ಸೈಕಲ್ಲಿನ ಕಥೆ. ಚೆನ್ನಾಗಿತ್ತು. ನಾಲ್ಕನೇ ಪುಟದಿಂದ ಅಕ್ಷರ ನಡುಗಿತ್ತು.

"ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡು ಕೈಯೂ ಹೊರಗಿರಲಿ ಅಂತ ಹಾಗೆ ಮಾಡಿದ್ದಾರೆ. ಆದರೆ ಹಾಗೆ ನಡೆಸಿದರೆ ಟಾರ್ಗೆಟ್ ಆಗುವುದಿಲ್ಲ. ಅದಕ್ಕೆ ಬಲಗಡೆ ಬಟನ್ ಒತ್ತಿ ಹಿಡಿಯಲು ಮರದ ಚಕ್ಕೆ ಸಿಕ್ಕಿಸುತ್ತಿದ್ದೆವು. ಎಡಗೈಯಲ್ಲಿ ಒತ್ತುವುದು, ಬಲಗೈಯಲ್ಲಿ ತಗಡು ಇಡುವುದು. ಎಲ್ಲರೂ ಮಾಡುತ್ತಿದ್ದರು. ಶಿಫ್ಟ್ ಮುಗಿದಾಗ ಚಕ್ಕೆ ತೆಗೆದು ಹೋಗಬೇಕು. ಅವತ್ತು ನಾನು ತೆಗೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ನನ್ನ ನಂತರ ರೇವಣಸಿದ್ದ ಬಂದ. ಚಕ್ಕೆ ಇರುವುದು ಅವನಿಗೆ ಗೊತ್ತಿರಲಿಲ್ಲ, ಬಲಗೈಯಲ್ಲಿ ತಗಡು ಸರಿಮಾಡುವಾಗ ಎಡಗೈ ಬಟನ್ನಿಗೆ ತಗುಲಿ ಅಚ್ಚು ಇಳಿಯಿತು. ಗೇಟಿನ ತನಕ ಹೋದವನು ಕೂಗು ಕೇಳಿ ಓಡಿ ಬಂದೆ. 'ಚಕ್ಕೆ ಯಾರದು?' ಅಂತ ಸೂಪರ್‌ವೈಸರ್ ಕೇಳಿದರು. ನಾನು ಸುಮ್ಮನೆ ನಿಂತೆ. ಅವನೇ ಸಿಕ್ಕಿಸಿಕೊಂಡು ನಿಗಾ ತಪ್ಪಿದ ಅಂತ ಬರೆದುಕೊಂಡರು."

ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ, ಅದೇನೋ ಎದ್ದು ಓಡಿಹೋಗುತ್ತದೆ ಅನ್ನುವ ಹಾಗೆ. ಆ ವಾರವಿಡೀ ಅದೇ ಯೋಚನೆ. ಓದಿದರೆ ಎದುರಿಗೇ ಕೂತ ಮನುಷ್ಯ ಏನು ಮಾಡಿಯಾರು? ಇರುವ ಒಬ್ಬ ಗೆಳೆಯನೂ ಇಲ್ಲವಾಗುವುದಿಲ್ಲವೇ? ಹೊಡೆದಾಟವಾದರೆ? ಇಬ್ಬರಲ್ಲಿ ಯಾರದಾದರೂ ಎದೆ ನಿಂತರೆ? ಬರೆಯಿರಿ ಬರೆಯಿರಿ ಎಂದು ಹುರಿದುಂಬಿಸಿದವಳು ನಾನೇ ತಾನೆ!

ಬುಧವಾರ ಮೆಟ್ಟಿಲ ಬಳಿ ಪುಸ್ತಕ ವಾಪಸು ಕೊಟ್ಟು, "ಸೈಕಲ್ ಕಥೆ ಓದಿ ಸಾಕು" ಎಂದೆ. ಇಷ್ಟು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಗದರಿದ ಬಾಯಿ ಇದು. ಶೇಖರಪ್ಪನವರು ಉಸಿರು ಬಿಟ್ಟರು. "ಆಯ್ತು ಮೇಡಂ" ಎಂದರು. ಬದುಕಿಕೊಂಡೆ ಅನ್ನಿಸಿತು, ನಾಚಿಕೆಯೂ ಆಯಿತು.

ಆದರೆ ಆ ದಿನ ಶೇಖರಪ್ಪನವರಿಗಿಂತ ಮೊದಲು ರೇವಣಸಿದ್ದನವರ ಸರದಿ ಎಂಬುದನ್ನು ನಾನು ಮರೆತಿದ್ದೆ. ಅವರು ಎದ್ದು ನಿಂತು, ಎಡಗೈಯಲ್ಲಿ ಬರೆದ ಒಂದೇ ಪುಟವನ್ನು ಓದತೊಡಗಿದರು.

"ನನ್ನ ಬೆರಳು ಹೋಗಿದ್ದು ನನ್ನ ತಪ್ಪಿನಿಂದ. ಚಕ್ಕಿ ನಾನೇ ಹಾಕಿದ್ದೆ ಅಂತ ಎಲ್ಲರೂ ಅಂದರು. ನನಗೆ ಹಾಕಿದ್ದು ನೆನಪಿಲ್ಲ. ಭಾಳ ನೆನಪು ಮಾಡಿಕೊಂಡೆ, ಬರಲಿಲ್ಲ. ಹಾಕಿರಬೇಕು. ಮಗಳು ಶೈಲಾ ಹುಟ್ಟಿದಾಗ ನನ್ನ ಹೆಂಡತಿ ಮಹಾನಂದಾ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ನಿಗಾ ಇಲ್ಲದ ಮನುಷ್ಯ ನೀನು, ಬೀಳಿಸ್ತಿ ಅಂದಳು. ಅವಳದು ತಪ್ಪಲ್ಲ. ಈಗ ಮೊಮ್ಮಗ ಹುಟ್ಟಿದ್ದಾನೆ. ದೂರದಿಂದಲೇ ನೋಡುತ್ತೇನೆ. ನನಗೂ ನನ್ನ ಮೇಲೆ ನಂಬಿಕೆ ಇಲ್ಲ."

ಕೂತರು. ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು ಧಡ್, ಧಡ್ ಎನ್ನುತ್ತಲೇ ಇತ್ತು. ಮುಂದಿನ ಹೆಸರನ್ನು ನಾನು ಕರೆಯಲಿಲ್ಲ.

ಶೇಖರಪ್ಪನವರು ತಾವಾಗಿಯೇ ಎದ್ದರು. ಸೈಕಲ್ಲಿನ ಪುಟ ತೆರೆದರು. "ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ..." ಎಂದು ನಿಂತರು. ನನ್ನ ಕಡೆ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿದೆನೋ, ಹೂಂ ಎಂದೆನೋ, ದೇವರಾಣೆಗೂ ನೆನಪಿಲ್ಲ. ಅವರು ಸೈಕಲ್ಲಿನ ಪುಟಗಳನ್ನು ಮಗುಚಿ ನಾಲ್ಕನೆಯದಕ್ಕೆ ಬಂದರು.

ಕೊನೆಯ ಸಾಲಿನವರೆಗೂ ಓದಿದರು. ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಕೂರಲೂ ಇಲ್ಲ, ತಪ್ಪು ಮಾಡಿದ ಹುಡುಗನ ಹಾಗೆ ನಿಂತೇ ಇದ್ದರು.

ರೇವಣಸಿದ್ದನವರು ತಮ್ಮ ಬಲಗೈಯನ್ನು ನೋಡಿಕೊಂಡರು. ಈಗ ಏನೋ ಆಗುತ್ತದೆ ಎಂದು ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಚಕ್ಕಿ ನಿಮ್ದೇನ್ರಿ ಅಣ್ಣಾ?"

"ನಂದೇ ಕಣಪ್ಪ."

"ನಾ ಹಾಕಿದ್ದಿಲ್ಲ?"

"ನೀನು ಹಾಕಿರ್ಲಿಲ್ಲ. ನೀನು ಏನೂ ತಪ್ಪು ಮಾಡಿರ್ಲಿಲ್ಲ."

"ನಾ ಹಾಕಿದ್ದಿಲ್ಲ" ಎಂದು ರೇವಣಸಿದ್ದನವರು ಇನ್ನೊಮ್ಮೆ ತಮಗೇ ಹೇಳಿಕೊಂಡರು. ಕಣ್ಣು ತುಂಬಿತ್ತು. ಸಿಟ್ಟೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಎದ್ದು ಬಂದು ಶೇಖರಪ್ಪನವರ ಕೈಯಿಂದ ಪುಸ್ತಕ ಕಿತ್ತುಕೊಂಡರು.

"ಮೂವತ್ತೊಂದು ವರ್ಷ ನನ್ನ ಡಬ್ಬಿ ತೆಗದ್ರಿ. ಬಾಯಿ ಒಂದಿನಾನೂ ತೆಗೀಲಿಲ್ಲ. ಈಗ ನಡೀರಿ ನಮ್ಮನಿಗೆ. ಇದನ್ನ ಮಹಾನಂದಾನ ಮುಂದ ಓದ್ರಿ."

"ಈಗ್ಲೇನಾ?"

"ಈಗ. ಮಗಳು ಬಾಣಂತನಕ್ಕ ಬಂದಾಳ. ಕೂಸು ಮನಿಯಾಗ ಐತಿ."

ಓದುವಾಗ ಇಲ್ಲದ ಹೆದರಿಕೆ ಈಗ ಶೇಖರಪ್ಪನವರ ಕಣ್ಣಿನಲ್ಲಿತ್ತು. "ಮೇಡಂ, ನೀವೂ ಬರ್ತೀರಾ?" ಎಂದರು. ನಾನು ಬ್ಯಾಗು ತೆಗೆದುಕೊಂಡೆ. ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ.

ಮೆಟ್ಟಿಲ ಬಳಿ ಶೇಖರಪ್ಪನವರು ಅಭ್ಯಾಸದಂತೆ ತೋಳು ಹಿಡಿಯಲು ಕೈ ಚಾಚಿದರು. ರೇವಣಸಿದ್ದನವರು ಹಿಡಿಯಗೊಡಲಿಲ್ಲ. ಪುಸ್ತಕವನ್ನು ಎರಡೇ ಬೆರಳಿನ ಆ ಬಲಗೈಯಲ್ಲಿ ಎದೆಗೆ ಒತ್ತಿಕೊಂಡು, ಕೂಸನ್ನು ಎತ್ತಿಕೊಂಡವರ ಹಾಗೆ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದರು.