ಕೆಚ್ಚಿದ ಎಳೆಗಳು

ಹೊಸ ಸೀರೆಯ ಗಂಜಿ ವಾಸನೆಗೆ ಸರ್ ನೆನಪಾದರು. ಕಳೆದ ತಿಂಗಳು ಅವ್ವ ಬನಹಟ್ಟಿಯಿಂದ ತಂದ ಸೀರೆಯ ಮಡಿಕೆ ಬಿಚ್ಚಿದಾಗ ಆ ಹುಳಿ ಹುಳಿ ವಾಸನೆ ಕೋಣೆಯನ್ನೆಲ್ಲ ತುಂಬಿತು. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಸರ್ ಅವರ ಅಂಗಿಗೂ ಅದೇ ವಾಸನೆ ಇರುತ್ತಿತ್ತು. ಅವರದು ರಬಕವಿಯ ನೇಕಾರರ ಮನೆ. ಅಣ್ಣ ಮಗ್ಗದ ಮೇಲೆ ದುಡಿದು ತಮ್ಮನನ್ನು ಓದಿಸಿದ್ದರು. ಸರ್ ಮದುವೆಯಾಗಿರಲಿಲ್ಲ. ಅಣ್ಣ ಅತ್ತಿಗೆಯ ಜೊತೆಗೇ ಇದ್ದು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

ಆಗಲೂ ನನಗೆ ದಿನಚರಿ ಬರೆಯುವ ರೂಢಿ ಇತ್ತು. ಸರ್ ನಿಂತು ಪಾಠ ಮಾಡಿದ ದಿನಕ್ಕೆ ಒಂದು ಉದ್ದ ಗೆರೆ, ಕುರ್ಚಿಯಲ್ಲಿ ಕುಳಿತು ಮಾಡಿದ ದಿನಕ್ಕೆ ಒಂದು ಅಡ್ಡ ಗೆರೆ ಎಳೆಯುತ್ತಿದ್ದೆ. ದೀಪಾವಳಿ ರಜೆ ಮುಗಿದ ಮೇಲೆ ಬಹುತೇಕ ಅಡ್ಡ ಗೆರೆಗಳೇ. ಅವರಿಗೆ ಸಂಧಿವಾತವಿತ್ತು. ವರ್ಷಗಳಿಂದ ಸ್ಟೀರಾಯ್ಡ್ ಗುಳಿಗೆ ತಿಂದು ಮುಖ ಊದಿ ದುಂಡಗಾಗಿತ್ತು. ಹಿಂದಿನ ಬೆಂಚಿನವರು ಅವರಿಗೆ ಹುಣ್ಣಿಮೆ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. “ಹುಣ್ಣಿಮಿ ಬಂತು, ಸುಮ್ನ ಕುಂಡ್ರಿ,” ಎನ್ನುತ್ತಲೇ ಒಳಗೆ ಬರುತ್ತಿದ್ದರು.

ಒಂದು ದಿನ ದೇಹ ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳುವ ಪಾಠ ನಡೆದಿತ್ತು. ಒಂದನ್ನು ಇನ್ನೊಂದು ತಡೆಯುತ್ತದೆ, ಆ ತಡೆಯನ್ನು ಮೂರನೆಯದು ತಡೆಯುತ್ತದೆ… ಹಲಗೆಯ ತುಂಬ ಬಾಣದ ಗುರುತುಗಳು.

“ಸರ್, ಇಷ್ಟ ಸುತ್ತಿ ಬಳಸಿ ಯಾಕರಿ? ಒಂದ ಬಟನ್ ಇಟ್ಟಿದ್ರ ಆಗ್ತಿತ್ತಲ್ಲರಿ,” ಎಂದ ಮುಧೋಳದ ಹುಡುಗ.

“ಇಡಾಕ ಯಾರ ಬಂದಿದ್ರಲೇ? ನಿಮ್ಮಪ್ಪ ಏನ?” ಎಂದು ಸರ್ ನಕ್ಕರು.

ಆಮೇಲೆ ಅಣ್ಣನ ಮಗ್ಗದ ಮಾತು ತೆಗೆದರು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿದಾಗ ನೇಕಾರ ಅದರ ಎಳೆಗಳನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಕೂಡಿಸುತ್ತಾನೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಿಂದೆ ಎಂದೋ ಎರಡು ಎಳೆ ಅದಲುಬದಲಾಗಿದ್ದರೆ ಆ ತಪ್ಪೂ ಹೊಸ ಸೀರೆಗೆ ದಾಟುತ್ತದೆ. ಎಲ್ಲ ಬಿಚ್ಚಿ ಪೋಣಿಸುವಷ್ಟು ಪುರುಸೊತ್ತಿಲ್ಲದೆ, ಅದನ್ನು ಸರಿದೂಗಿಸಲು ಇನ್ನೊಂದು ದಾರ ಕಟ್ಟುತ್ತಾನೆ.

“ಜೀವದ್ದೂ ಹಂಗ. ಅದರ ಮಗ್ಗ ಹುಟ್ಟಿದಾಗಿಂದ ಒಂದ ದಿನಾನೂ ನಿಂತಿಲ್ಲ. ಹೊಸಾದಂತ ಮಾಡಿದ್ದು ಯಾವುದೂ ಇಲ್ಲ, ಎಲ್ಲಾ ಹಳೇದಕ್ಕ ಕೆಚ್ಚಿದ್ದ.”

ಒಂದು ಭಾಗಕ್ಕೆ ಇನ್ನೊಂದು ಆಸರೆಯಾಗಿ ಬಂದ ಮೇಲೆ, ಮೊದಲಿನ ಭಾಗ ಕೆಟ್ಟರೂ ಜೀವಿ ಸಾಯುವುದಿಲ್ಲ ಎಂದರು. ಆ ಕೆಡುಕು ಪೀಳಿಗೆಯಿಂದ ಪೀಳಿಗೆಗೆ ಉಳಿದುಬಿಡುತ್ತದೆ. ಆಮೇಲೆ ಆಸರೆಯನ್ನು ತೆಗೆಯಲು ಬರುವುದಿಲ್ಲ. ಗೋಜಲು ಬೆಳೆದದ್ದು ಯಾರ ಜಾಣತನದಿಂದಲೂ ಅಲ್ಲ, ಎಷ್ಟೋ ಸಲ ಹಿಂದಿರುಗುವ ದಾರಿ ಮುಚ್ಚಿಹೋದದ್ದರಿಂದ.

ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದರು. ಮೂತ್ರಪಿಂಡದ ಮೇಲೆ ಕೂತ ಸಣ್ಣ ಗ್ರಂಥಿ ತಾನೇ ತಯಾರಿಸಬೇಕಾದ ಹಾರ್ಮೋನು ಅವರಿಗೆ ಹೊರಗಿನಿಂದ ಬರುತ್ತಿತ್ತು. ಗ್ರಂಥಿ ತನ್ನ ಕೆಲಸ ಮರೆತಿತ್ತು. “ಇದನ್ನ ಒಮ್ಮಿಗೇ ಬಿಟ್ಟೆ ಅಂದ್ರ ಹುಣ್ಣಿಮಿ ಹೋಗಿ ಅಮಾಸಿ,” ಎಂದರು. ನಾವೆಲ್ಲ ನಕ್ಕೆವು…

ನಮಗೆ ಇಷ್ಟು ಬಿಡಿಸಿ ಹೇಳಿದವರು ಮನೆಯಲ್ಲಿ ಹೇಳಿರಲಿಲ್ಲ. ಮೊಣಕಾಲು ನೋವಿನ ಗುಳಿಗೆ ಎಂದಷ್ಟೇ ಅಣ್ಣನಿಗೆ ಗೊತ್ತಿತ್ತು.

ನಾನು ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಸರ್ ತೀರಿಕೊಂಡ ಸುದ್ದಿ ಬಂತು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಅತ್ತಿಗೆ ನಡೆದದ್ದನ್ನು ಹೇಳಿದರು. ಜ್ವರ, ವಾಂತಿ. ಹೊಟ್ಟೆಯಲ್ಲಿ ಒಂದು ಅಗುಳೂ ನಿಲ್ಲುತ್ತಿರಲಿಲ್ಲ.

“ಊಟಾ ಆದಮ್ಯಾಗ ತಗೋರಿ ಅಂತ ಡಾಕ್ಟರ್ ಹೇಳಿದ್ರು. ಊಟಾನ ಇಲ್ಲ, ಖಾಲಿ ಹೊಟ್ಟಿಲೆ ಗುಳಗಿ ಹೆಂಗ ಕೊಡೂದು ಯವ್ವಾ?”

ಹೊಟ್ಟೆ ಸುಟ್ಟೀತೆಂದು ಅಣ್ಣ ಗುಳಿಗೆಯ ಪಟ್ಟಿಯನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಿದ್ದರು. ಮಾತು ತೊದಲುತ್ತಿದ್ದ ಸರ್ ಅದರತ್ತ ಕೈ ಚಾಚಿದ್ದರಂತೆ. “ಮೊದಲ ಎರಡ ತುತ್ತ ಉಣ್ಣು, ಆಮ್ಯಾಲೆ ಕೊಡ್ತೀನಿ,” ಎಂದು ಅಣ್ಣ ಅಂಬಲಿಯ ಬಟ್ಟಲು ಹಿಡಿದು ಕೂತೇ ಇದ್ದರಂತೆ. ಮೂರನೆಯ ದಿನ ಜಮಖಂಡಿಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ…

ಸೀರೆಯ ವಾಸನೆ ಬಂದ ಮರುವಾರ, ರವಿವಾರ, ರಬಕವಿಗೆ ಹೋದೆ. ಅಣ್ಣ ಮಗ್ಗ ಬಿಟ್ಟು ಎದ್ದು ಬಂದರು. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಆಮೇಲೆ ಕೇಳಿದರು.

“ತಂಗಿ, ನೀ ಅದನ್ನ ಓದಿದಾಕಿ. ಖರೆ ಹೇಳು. ಅವತ್ತ ನಾ ಗುಳಗಿ ಕೊಟ್ಟಿದ್ರ ಅಂವ ಉಳೀತಿದ್ನೇನು?”

“ಕೊಟ್ಟಿದ್ರೂ ವಾಂತಿ ಆಗ್ತಿತ್ತರಿ ಕಾಕಾ. ಇಂಜೆಕ್ಷನ್ ಬೇಕಾಗಿತ್ತು.”

“ಅಂದ್ರ ಮೊದಲನೇ ದಿನಾನ ದವಾಖಾನಿಗೆ ಒಯ್ದಿದ್ರ?”

“ಉಳೀತಿದ್ರೇನೋ ರಿ,” ಎಂದೆ.

ಅವರು ತಲೆಯಾಡಿಸಿದರು. “ಆಯುಷ್ಯ ಅಷ್ಟ ಇತ್ತು ಅಂತ ಎಲ್ಲಾರೂ ಹೇಳಿದ್ರು…” ಎಂದರು. “ಚಾ ಕುಡದು ಹೋಗು,” ಎಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಅವರಿಗೆಂದು ಅತ್ತಿಗೆ ತಂದಿಟ್ಟ ಚಹಾ ಕೆನೆಗಟ್ಟಿತು. ಹೊರಡುವಾಗ, “ಕಾಕಾ, ಬರ್ತೀನ್ರಿ,” ಎಂದೆ.

ಅತ್ತಿಗೆ ಬಾಗಿಲವರೆಗೆ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಏನ ಮಾಡಿದ್ರೂ ಅಂವ ಉಳೀತಿರಲಿಲ್ಲ ಅಂತ ಇಷ್ಟ ದಿನ ಸುಳ್ಳ ಹೇಳಿ ಹೇಳಿ ಇವ್ರನ್ನ ಮಲಗಸ್ತಿದ್ನಿ ಬೇ,” ಎಂದರು.