ಬಾಯಲ್ಲಿ ಮರಿ ಹೊತ್ತ ಮೀನಿಗೆ ತೊಟ್ಟಿಯಕ್ಕನ ಕಾವಲು

ಬೆಳಗಿನ ಐದೂವರೆ. ಮತ್ಸ್ಯಾಲಯದ ಹಿಂಬಾಗಿಲ ಚಿಲಕ ತೆಗೆದ ತೊಟ್ಟಿಯಕ್ಕ ದೀಪದ ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದು, ಏಳನೇ ತೊಟ್ಟಿಯ ಮುಂದೆ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಮೇಲಿನ ಕಿಟಕಿಯಿಂದ ಬೆಳಕು ತಾನಾಗಿಯೇ ಇಳಿಯಲಿ ಎಂದು ಕಾಯುತ್ತಾರೆ. ಗಾಳಿ ಊದುವ ಪಂಪುಗಳ ಗುಳುಗುಳು ಬಿಟ್ಟರೆ ಬೇರೆ ಸದ್ದಿಲ್ಲ.

ಗಾಜಿನಾಚೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನೊಂದು ನಿಂತಲ್ಲೇ ನಿಂತಿದೆ. ಮೈಮೇಲೆ ಮೂರು ಕಪ್ಪು ಪಟ್ಟೆ, ರೆಕ್ಕೆಗಳ ತುಂಬ ಬಿಳಿ ಚುಕ್ಕಿ. ಕೆಳದವಡೆ ಊದಿಕೊಂಡಿದೆ, ಹಲ್ಲುನೋವು ಬಂದವರ ಹಾಗೆ ಬಾಯಿ ಬಿಗಿದುಕೊಂಡಿದೆ. ಇಪ್ಪತ್ತೇಳು ದಿನಗಳಿಂದ ಅದು ಒಂದು ತುತ್ತೂ ತಿಂದಿಲ್ಲ. ಕಾಯಿಲೆಯೇನಲ್ಲ, ಅದರ ಬಾಯಿಯೊಳಗೆ ಮರಿಗಳಿವೆ. ಆಗೀಗ ತುಟಿ ಒಂಚೂರು ತೆರೆದಾಗ ಒಳಗಿನಿಂದ ಸೂಜಿಮೊನೆಯಷ್ಟು ಪುಟ್ಟ ಕಣ್ಣುಗಳು ಮಿನುಗುತ್ತವೆ.

“ಇವತ್ತೋ ನಾಳೆಯೋ ಬಿಡ್ತಾನೆ,” ಎಂದು ಅಕ್ಕ ಪಿಸುಗುಡುತ್ತಾರೆ. “ಅವಸರ ಮಾಡಿದ್ರೆ ಗಾಬರಿಬಿದ್ದು ನುಂಗಿಬಿಟ್ಟಾನು. ಎಷ್ಟಾದ್ರೂ ಗಂಡಸಲ್ವಾ, ಬೇಗ ಕೈಕಾಲು ಬಿಡ್ತಾನೆ.”

ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಗಂಡಿನ ಬಾಯಿಗೆ ಒಪ್ಪಿಸುತ್ತದೆ. ಕಿತ್ತಳೆ ಬಣ್ಣದ ಮುತ್ತಿನಂಥ ಮೊಟ್ಟೆಗಳ ಗೊಂಚಲನ್ನು ಗಂಡು ಸುಮಾರು ಇಪ್ಪತ್ತು ದಿನ ಬಾಯಲ್ಲೇ ಹೊರುತ್ತದೆ. ಮರಿಯಾದ ಮೇಲೂ ವಾರಕ್ಕೆ ಮೇಲ್ಪಟ್ಟು ಹೊರಗೆ ಬಿಡುವುದಿಲ್ಲ. ಅಷ್ಟೂ ದಿನ ಉಪವಾಸ. ಅಕ್ಕನ ಯಜಮಾನರಿಗೆ ಕ್ಷೌರದಂಗಡಿಯಿದೆ. ಕತ್ತರಿಗಿಂತ ಅವರ ನಾಲಿಗೆಯೇ ಚುರುಕು ಎಂದು ಬೀದಿಯಲ್ಲೆಲ್ಲ ಹೆಸರು. “ಈ ಮೀನು ತಿಂಗಳು ಪೂರ್ತಿ ಬಾಯಿ ಮುಚ್ಕೊಂಡಿರುತ್ತೆ. ನಮ್ಮನೆಯವರು ಅರ್ಧ ಗಂಟೆ ಇದ್ದು ತೋರಿಸ್ಲಿ ನೋಡೋಣ,” ಎಂದು ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾರೆ.

ಅಕ್ಕನಿಗೀಗ ಐವತ್ತಾರು. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಅದಕ್ಕೂ ಮುಂಚೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿದ್ದರು. ಬಿಸಿನೀರು, ಸೋಡಾಪುಡಿಯಲ್ಲಿ ಬೆರಳ ತುದಿಯ ಚರ್ಮ ಸುಲಿದುಹೋಗಿತ್ತು. “ಇಲ್ಲಿ ತಣ್ಣಗಿತ್ತು. ಮೀನುಗಳು ಬೈಯೋದೂ ಇಲ್ಲ. ಸ್ವರ್ಗ ಅನ್ನಿಸ್ತು,” ಎನ್ನುತ್ತಾರೆ.

ಅವರು ಸೇರಿದ ಎರಡನೇ ವರ್ಷ ಈ ಬೆಳ್ಳಿಮೀನುಗಳು ಬಂದವು, ದೂರದ ಕಡಲಿನಲ್ಲಿ ಬಲೆ ಹಾಕಿ ಹಿಡಿದವು. ಬಂದ ಹದಿನಾಲ್ಕರಲ್ಲಿ ಉಳಿದದ್ದು ಐದು. ಅವುಗಳಲ್ಲಿ ಒಂದು ಊಟ ಬಿಟ್ಟಿತು, ದವಡೆ ಊದಿತು. ಮೀನಿನ ಡಾಕ್ಟರು ನೋಡಿ, ಸೋಂಕು ತಗುಲಿದೆ, ಈಗಲೇ ಹಿಡಿದು ಔಷಧಿ ಬೆರೆಸಿದ ಬೇರೆ ತೊಟ್ಟಿಗೆ ಹಾಕಿ ಎಂದರು. ಬಲೆ ಹಿಡಿದು ಬಂದ ಸಹಾಯಕನಿಗೆ ಅಕ್ಕ ಅಡ್ಡ ನಿಂತರು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆಲದ ಬಟ್ಟೆ.

“ಸಾರ್, ಅದರ ಬಾಯಲ್ಲಿ ಏನೋ ಇದೆ. ನಾನು ಕಂಡಿದೀನಿ. ಕೆಂಪುಕೆಂಪಗೆ ಕಾಳಿನ ಥರ. ಆಗಾಗ ಬಾಯಲ್ಲೇ ಹೊರಳಿಸುತ್ತೆ.”

“ನೀನು ನೆಲ ನೋಡ್ಕೊಳಮ್ಮ. ಮೀನು ನಾವು ನೋಡ್ಕೋತೀವಿ,” ಎಂದರು ಡಾಕ್ಟರು.

“ನೆಲ ಒರೆಸುವಾಗ್ಲೇ ಸಾರ್ ಕಂಡಿದ್ದು. ಬಗ್ಗಿದ್ರೆ ಅದರ ಬಾಯಿ ನೇರ ಕಣ್ಣಿಗೇ ಬರುತ್ತೆ. ಒಂದೇ ಒಂದು ದಿನ ಬಿಡಿ.”

ಕೆಲಸ ಹೋದರೆ ಮತ್ತೆ ಸೋಡಾಪುಡಿಯೇ ಗತಿ ಎಂದು ಗೊತ್ತಿದ್ದೂ ಅಕ್ಕ ಪಕ್ಕಕ್ಕೆ ಸರಿಯಲಿಲ್ಲ. ಡಾಕ್ಟರು ಗೊಣಗುತ್ತಲೇ ಅಕ್ಕ ಬಗ್ಗುವ ಜಾಗದಲ್ಲಿ ಮಂಡಿಯೂರಿದರು. ಕಾಲು ಗಂಟೆ ಕಳೆಯಿತು. ಮೀನು ಆಕಳಿಸುವಂತೆ ಬಾಯಿ ತೆರೆದು ಮೊಟ್ಟೆಗಳನ್ನೊಮ್ಮೆ ಹೊರಳಿಸಿಕೊಂಡಿತು. ಡಾಕ್ಟರು ಎದ್ದು ಪ್ಯಾಂಟು ಕೊಡವಿಕೊಂಡರು. “ಬಲೆ ಹಾಕಿದ್ರೆ ಅಷ್ಟೂ ಮೊಟ್ಟೆ ಹೋಗ್ತಿತ್ತು,” ಎಂದಷ್ಟೇ ಹೇಳಿದರು. ಮರುದಿನ ಮೇವಿನ ಡಬ್ಬಿ, ಉಷ್ಣಮಾಪಕ ಎರಡೂ ಅಕ್ಕನ ಕೈಗೆ ಬಂದವು. “ಅಮ್ಮ” ಹೋಗಿ “ಅಕ್ಕ” ಬಂದದ್ದೂ ಅಂದಿನಿಂದಲೇ.

ಗೆದ್ದೆವು ಎಂದುಕೊಳ್ಳುವಂತಿರಲಿಲ್ಲ. ಆ ಮೊದಲ ಮರಿಗಳು ಹತ್ತು ದಿನ ಚೆನ್ನಾಗಿಯೇ ಇದ್ದವು. ಒಂದು ಮುಂಜಾನೆ ಯಾರೋ ಫಟ್ಟನೆ ದೀಪ ಹಾಕಿದರು. ಬೆಚ್ಚಿದ ಮರಿಗಳು ಸುತ್ತಿ ಸುತ್ತಿ ತಳಕ್ಕೆ ಬಿದ್ದವು, ಒಂದೂ ಏಳಲಿಲ್ಲ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. “ಮೀನಿಗೆ ಅಳ್ತಾರಾ ಅಂತ ಮಗಳು ನಕ್ಕಳು. ನಾನು ಮೀನಿಗೆ ಅತ್ತಿದ್ದಲ್ಲ. ಆ ಅಪ್ಪ ತಿಂಗಳು ಪೂರ್ತಿ ಉಪವಾಸ ಬಿದ್ದಿದ್ದು ನೀರಲ್ಲಿ ಹೋಮ ಆಯ್ತಲ್ಲ, ಅದಕ್ಕೆ.”

ತಮ್ಮ ಕಡಲಿನಲ್ಲಿ ಈ ಜಾತಿಯ ಮರಿಗಳು ಎಲ್ಲಿ ಅಡಗುತ್ತವೆ ಎಂದು ಡಾಕ್ಟರು ಚಿತ್ರ ತೋರಿಸಿದರು. ಹವಳದ ದಿಬ್ಬಗಳ ನಡುವೆ, ಆಳವಿಲ್ಲದ ಬೆಚ್ಚನೆ ನೀರಿನಲ್ಲಿ ಚೆಂಡಿನಂಥ ಒಂದು ಜೀವಿಯಿರುತ್ತದೆ, ಮೈತುಂಬ ಗೇಣುದ್ದದ ಕಪ್ಪು ಮುಳ್ಳು. ದೊಡ್ಡ ಮೀನು ಬಂದರೆ ಮರಿಗಳು ಆ ಮುಳ್ಳುಗಳ ನಡುವೆ ನುಸುಳಿಬಿಡುತ್ತವೆ. ಅಕ್ಕ ನೇರ ಉಗ್ರಾಣಕ್ಕೆ ಹೋದರು. ನೆಲ ಉಜ್ಜುವ ಹೊಸ ಬ್ರಷ್ಷಿನ ಕಪ್ಪು ನೈಲಾನ್ ಎಳೆಗಳನ್ನು ಕಿತ್ತು, ಕುದಿಸಿ ತೊಳೆದು, ರಬ್ಬರು ಚೆಂಡಿಗೆ ಒಂದೊಂದಾಗಿ ಚುಚ್ಚಿ ತೊಟ್ಟಿಯೊಳಗೆ ಇಳಿಬಿಟ್ಟರು. ಮುಂದಿನ ಸಲದ ಮರಿಗಳು ಬಾಯಿಂದ ಹೊರಬಿದ್ದದ್ದೇ ತಡ, ತಾಯಿ ಮಡಿಲು ಕಂಡ ಹಾಗೆ ಆ ಎಳೆಗಳ ನಡುವೆ ಹೊಕ್ಕವು. ಮೂವತ್ತೊಂದರಲ್ಲಿ ಇಪ್ಪತ್ತಾರು ಉಳಿದವು.

ಈಗ ಅಕ್ಕನ ಸುಪರ್ದಿಯಲ್ಲಿ ಹತ್ತೊಂಬತ್ತು ತೊಟ್ಟಿ, ಇನ್ನೂರಕ್ಕೂ ಮಿಕ್ಕಿ ಮೀನು. ದಿನಕ್ಕೆ ನಾಲ್ಕು ಸಲ ಧೂಳಿನಂಥ ಸಿಗಡಿ ಮರಿಗಳ ಊಟ, ಮೂರು ಸಲ ನೀರಿನ ಬಿಸಿ ನೋಡುವುದು, ಇನ್ನೂರು ಲೀಟರ್ ಉಪ್ಪುನೀರು ಬೆರೆಸುವುದು. ಬಕೆಟ್ಟು ಎತ್ತಿ ಎತ್ತಿ ಬಲಭುಜ ಹಿಡಿದುಕೊಂಡಿದೆ. ಎಣ್ಣೆ ತಿಕ್ಕುವ ಕೆಲಸ ಯಜಮಾನರದು, ಜತೆಗೆ ಉಚಿತ ಭಾಷಣ.

ಗಂಟೆ ಆರೂ ಹತ್ತು. ಕಿಟಕಿಯ ಬೆಳಕು ನೀರಿಗೆ ಇಳಿದಿದೆ. ಮೀನು ಒಮ್ಮೆ ಮೈ ಕೊಡವಿ ಬಾಯಿ ತೆರೆಯುತ್ತದೆ. ಒಂದು, ಮೂರು, ಆಮೇಲೆ ಒಂದು ಹಿಂಡು. ಅಕ್ಕಿಕಾಳಿನಷ್ಟಿದ್ದರೂ ಮೂರು ಪಟ್ಟೆಗಳೂ ಸ್ಪಷ್ಟ, ಅಪ್ಪನದೇ ಅಚ್ಚು. ಅಕ್ಕ ಬೆರಳು ಮಡಚುತ್ತ ಎಣಿಸುತ್ತಾರೆ: ಮೂವತ್ತನಾಲ್ಕು. ಸಿಗಡಿಯ ಚೂರೊಂದನ್ನು ಅಪ್ಪನ ಮುಂದೆ ಇಳಿಬಿಡುತ್ತಾರೆ. “ತಿನ್ನಪ್ಪ, ಇನ್ನಾದ್ರೂ ತಿನ್ನು.” ಅದು ಗಬಕ್ಕನೆ ನುಂಗುತ್ತದೆ.

ಕೈ ಒರೆಸಿಕೊಳ್ಳುತ್ತ ಅಕ್ಕ ಡಾಕ್ಟರು ಹೇಳಿಕೊಟ್ಟ ಮಾತನ್ನು ತಿಳಿಸುತ್ತಾರೆ. ಹೆಚ್ಚಿನ ಕಡಲಮೀನುಗಳ ಮರಿಗಳು ನೀರಿನ ಸೆಳೆತದಲ್ಲಿ ತೇಲಿ ಎಲ್ಲೆಲ್ಲಿಗೋ ಹೋಗುತ್ತವೆ. ಇವು ಹುಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ. ಪ್ರಪಂಚದಲ್ಲಿ ಇವುಗಳ ಸ್ವಂತ ಊರು ಒಂದೇ ಒಂದು ದ್ವೀಪಗಳ ಗುಂಪು. ಒಂದು ದಿಬ್ಬದ ಮೀನನ್ನೆಲ್ಲ ಬಳಿದುಕೊಂಡು ಹೋದರೆ ಅಲ್ಲಿಗೆ ಬೇರೆ ಕಡೆಯಿಂದ ತುಂಬಿಕೊಳ್ಳಲು ಯಾರೂ ಬರುವುದಿಲ್ಲ. ಇಲ್ಲಿ ಬೆಳೆದ ಮರಿಗಳು ಈಗ ಬೇರೆ ಊರುಗಳ ಆರು ಮತ್ಸ್ಯಾಲಯಗಳಿಗೆ ಹೋಗಿವೆ. ಆ ಮತ್ಸ್ಯಾಲಯಗಳವರೂ ಇಲ್ಲಿಯವರೂ ಕಡಲಲ್ಲಿ ಬಲೆ ಹಾಕಿ ಹಿಡಿದ ಮೀನು ತರಿಸುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು.

“ನಾನು ಆ ಕಡಲು ನೋಡಿಲ್ಲ, ನೋಡೋ ಆಸೇನೂ ಇಲ್ಲ, ದೋಣಿ ಅಂದ್ರೆ ತಲೆ ಸುತ್ತುತ್ತೆ,” ಎನ್ನುತ್ತಾರೆ ತೊಟ್ಟಿಯಕ್ಕ, ಮುಂದಿನ ತೊಟ್ಟಿಯ ಮುಚ್ಚಳ ಎತ್ತುತ್ತ. “ಆದ್ರೆ ನಮ್ಮಿಂದಾಗಿ ಅಲ್ಲಿ ಒಂದು ಮೀನೂ ಕಡಿಮೆ ಆಗ್ತಿಲ್ವಲ್ಲ. ಅಷ್ಟು ಸಾಕು ನನಗೆ.”