ಅತ್ತೆ ಎಬ್ಬಿಸಿದ ಗಾಡಿಗಳು

ನಮ್ಮತ್ತೆಯ ಬಾಯಿಗೆ ಹೆದರುವವರು ಬಹಳ ಮಂದಿ. ನಾನು ಹೆದರುವುದು ಅವರ ಕೈಗೆ. ಹೊಡೆಯುತ್ತಾರೆ ಅಂತಲ್ಲ. ಆ ಕೈ ಮಾಡುವ ಕೆಲಸ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾವಿಬ್ಬರೂ ಕಾರಿನ ಸ್ಟಾರ್ಟರ್ ಮೋಟರ್ ಸರಿಮಾಡುತ್ತೇವೆ. ಕೀಲಿ ತಿರುಗಿಸಿದಾಗ ಇಂಜಿನ್ನನ್ನು ಎಬ್ಬಿಸುತ್ತದಲ್ಲ, ಅದು. ಗುಜರಿಯಿಂದ ಬರುವಾಗ ಮಣ್ಣು, ಗ್ರೀಸು, ತುಕ್ಕು ಮೆತ್ತಿಕೊಂಡ ಮುದ್ದೆಯಾಗಿರುತ್ತದೆ. ಅತ್ತೆ ಅದನ್ನು ಬಿಚ್ಚಿ, ಸುಟ್ಟುಹೋದ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ, ಬ್ಯಾಟರಿಗೆ ತಾಗಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. "ಗಂಟಲು ಕಟ್ಟಿದೆ," ಎಂದು ಮತ್ತೆ ಬಿಚ್ಚುತ್ತಾರೆ. ನನಗೆ ಸರಿಯಿದ್ದದ್ದೂ ಕೆಟ್ಟದ್ದೂ ಒಂದೇ ಸದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಇದೆಲ್ಲ ಬರೀ ನಾಟಕ ಅಂದುಕೊಂಡಿದ್ದೆ. ಒಂದು ದಿನ ಹಟಕ್ಕೆ ಬಿದ್ದು, ಅವರು ಬೇಡವೆಂದು ಪಕ್ಕಕ್ಕಿಟ್ಟಿದ್ದನ್ನು ಬಿಚ್ಚಿ ನೋಡಿದೆ. ಒಳಗೆ ಕೂದಲೆಳೆಯಷ್ಟು ಬಿರುಕು! ಅಂದಿನಿಂದ ನನ್ನ ಬಾಯಿಗೆ ಬೀಗ.

ಕೊನೆಯ ಕೆಲಸ ಉಜ್ಜುವುದು. ಹಳೆಯದು ಅನ್ನಿಸುವ ಒಂದು ಚುಕ್ಕೆಯೂ ಉಳಿಯಬಾರದು, ಯಾಕೆಂದರೆ ಹಳೆಯದೆಂದರೆ ಜನ ಮೂಗು ಮುರಿಯುತ್ತಾರೆ. ಮೆಕ್ಯಾನಿಕ್‌ಗಳು ಹಿಂಬಾಗಿಲಿನಿಂದ ಬಂದು, ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಗಿರಾಕಿಗೆ ಹೊಸದೆಂದೇ ಹೇಳುತ್ತಿದ್ದರು. ಅತ್ತೆಗೆ ಅದು ಹೊಟ್ಟೆಯೊಳಗಿನ ಸಂಕಟ.

"ಕದ್ದ ಮಾಲಿನ ಹಾಗೆ ಹೋಗುತ್ತಲ್ಲೇ! ಒಂದು ಸಲನಾದ್ರೂ ನಾನು ಮಾಡಿದ್ದು ಎಲ್ಲರ ಕಣ್ಣೆದುರು ಒಂದು ಗಾಡಿಗೆ ಹೋಗಬೇಕು," ಎನ್ನುತ್ತಿದ್ದರು.

ಆ ಕಾಲವೂ ಬಂತು. ಕಾರು ಕಂಪನಿಯ ಇಂಜಿನಿಯರಮ್ಮ ಒಬ್ಬರು ಶೆಡ್ಡಿಗೆ ಹುಡುಕಿಕೊಂಡು ಬಂದರು. ಕಂಪನಿ ತನ್ನ ಹಳೆಯ ಸ್ಟಾರ್ಟರ್‌ಗಳನ್ನು ವಾಪಸ್ ತರಿಸಿ, ಸರಿಮಾಡಿಸಿ, ತನ್ನದೇ ಗ್ಯಾರಂಟಿ ಕೊಟ್ಟು ಮತ್ತೆ ಕಾರಿಗೆ ಹಾಕಲಿದೆಯಂತೆ. ಮೊದಲ ಕಂತಿನ ಸ್ಟಾರ್ಟರ್‌ಗಳು ನಮ್ಮ ಕೈಗೆ ಬಂದವು. ಅತ್ತೆ ಊಟದ ಪರಿವೆ ಬಿಟ್ಟು ಕೂತರು. ಮುಗಿಸಿ ಸಾಲಾಗಿ ಇಟ್ಟಾಗ ನನಗೆ ಮುಟ್ಟಲೂ ಭಯವಾಯಿತು, ಅಷ್ಟು ಚೆಂದ.

ಪರೀಕ್ಷೆಗೆ ಬಂದ ಇಂಜಿನಿಯರಮ್ಮನೂ ಬೆರಗಾದರು. ಒಂದೊಂದೂ ತಾಗಿಸಿದ ಕೂಡಲೇ ತಿರುಗಿತು. "ಹೊಸದಕ್ಕೂ ಈ ಸದ್ದು ಇರಲ್ಲಮ್ಮ," ಎಂದವರು ಒಂದನ್ನೆತ್ತಿ ಹೊರಳಿಸಿ ನೋಡಿದರು. ಇನ್ನೊಂದನ್ನೂ ನೋಡಿದರು. ಮುಖ ಸಪ್ಪಗಾಯಿತು.

"ನಂಬರ್ ಎಲ್ಲಮ್ಮಾ?"

ಸ್ಟಾರ್ಟರ್‌ಗಳ ಮೈಮೇಲೆ ಕಂಪನಿ ಕೊರೆದಿದ್ದ ನಂಬರನ್ನು ಅತ್ತೆ ಅರದಿಂದ ಉಜ್ಜಿ ತೆಗೆದುಬಿಟ್ಟಿದ್ದರು. ಕೈಗಂಟಿದ ಅಭ್ಯಾಸ, ಹಳೆಯ ನಂಬರ್ ಕಂಡರೆ ಗುಟ್ಟು ರಟ್ಟಾಗುತ್ತದಲ್ಲ! ಈಗ ಅದೇ ಕುತ್ತಿಗೆಗೆ ಬಂತು. ನಂಬರ್ ಇಲ್ಲದಿದ್ದರೆ ಅದು ಯಾವ ಗಾಡಿಯದು, ಅಸಲಿಯೋ ನಕಲಿಯೋ ಯಾರು ಹೇಳಬೇಕು? ಗ್ಯಾರಂಟಿ ಕೊಡುವಂತಿಲ್ಲ. ಎಲ್ಲವನ್ನೂ ಕರಗಿಸಲು ಕಳಿಸಬೇಕು.

ನಾನು ಸೆರಗು ಕಟ್ಟಿ ಜಗಳಕ್ಕೆ ನಿಂತೆ. ಅತ್ತೆ ತಡೆದರು.

"ಅವರದ್ದೇನೂ ತಪ್ಪಿಲ್ಲ ಕಣೇ. ಹಳೇದು ಅಂತ ಹೇಳೋಕೆ ನಾನೇ ನಾಚಿಕೊಂಡೆ."

ಒಂದೊಂದನ್ನೂ ತಾವೇ ಲಾರಿಗೆ ಏರಿಸಿದರು. ಇಂಜಿನಿಯರಮ್ಮನಿಗೆ ನೋಡಲಾಗಲಿಲ್ಲ. ಮೇಲಿನವರನ್ನು ಕಾಡಿ ಬೇಡಿ ಇನ್ನೊಂದು ಕಂತು ಕೊಡಿಸಿದರು.

ಈ ಸಲ ನಂಬರಿನ ಸುತ್ತ ಅರ ತಾಗಿಸುವಂತಿರಲಿಲ್ಲ. ಅಲ್ಲಿನ ತುಕ್ಕಿನ ಕಲೆ ಹಾಗೇ ಉಳಿಯಬೇಕಿತ್ತು. ಅತ್ತೆಯ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ನನ್ನನ್ನು ಕಾವಲಿಗೆ ಕೂರಿಸಿಕೊಂಡರು. "ಅತ್ತೇ, ಅಲ್ಲಿ ಬೇಡ!" ಎಂದು ಗದರುವ ಭಾಗ್ಯ ಯಾವ ಸೊಸೆಗುಂಟು ಹೇಳಿ!

ಎಲ್ಲವೂ ಪಾಸಾಗಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದವು. ಹೋದವು ಅಷ್ಟೇ; ಒಬ್ಬ ಗಿರಾಕಿಯೂ ಒಪ್ಪಲಿಲ್ಲ. ಹೀಗೇ ಆದರೆ ಕಂಪನಿ ಕೈಬಿಡುತ್ತದೆ ಎಂದು ಇಂಜಿನಿಯರಮ್ಮ ಫೋನಿನಲ್ಲಿ ಹೇಳಿದರು. ಅತ್ತೆ ಸೀರೆ ಬದಲಿಸಿದರು. "ನಡಿ, ನೋಡ್ಕೊಂಡು ಬರೋಣ."

ಕನ್ನಡಿಯಂಥ ನೆಲದ ಆ ಸರ್ವಿಸ್ ಸೆಂಟರಿನಲ್ಲಿ ಒಬ್ಬರ ಕಾರು ಬಾನೆಟ್ ತೆರೆದು ನಿಂತಿತ್ತು. ಮೆಕ್ಯಾನಿಕ್ ನಮ್ಮ ಸ್ಟಾರ್ಟರ್ ತಂದು ತೋರಿಸಿದ. ಕಾರಿನವರ ಕಣ್ಣು ನೇರ ಕಲೆಯ ಮೇಲೆ ಬಿತ್ತು.

"ಹಳೇದೇನ್ರೀ ಇದು?"

"ಹೊಸದರ ಥರಾನೇ ಸರ್..." ಮೆಕ್ಯಾನಿಕ್ ತಡವರಿಸಿದ.

"ಹಳೇದೇ," ಎಂದರು ಅತ್ತೆ. ಎಲ್ಲರೂ ತಿರುಗಿ ನೋಡಿದರು. "ಬಿಚ್ಚಿ ಸರಿ ಮಾಡಿದವಳು ನಾನು."

"ಬೇಡಮ್ಮ, ಹೊಸದೇ ಹಾಕಲಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ತಲೆ ತಗ್ಗಿಸಲಿಲ್ಲ. ಸ್ಟಾರ್ಟರನ್ನು ಎತ್ತಿಕೊಂಡು, ಗಾಡಿಯ ಸ್ಟಾರ್ಟರ್ ಕೆಟ್ಟು ಬಂದು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಟ್ಯಾಕ್ಸಿ ಓಡಿಸುವ ಹೆಂಗಸಿನ ಮುಂದೆ ಹೋಗಿ ನಿಂತರು. ಹಿಂಬಾಗಿಲಿನ ವ್ಯಾಪಾರದಲ್ಲೇ ಬಾಳು ಸವೆಸಿದ ನಮ್ಮತ್ತೆ!

"ಇದು ಹಳೇದು ಕಣಮ್ಮ. ಇದರ ಗಾಡಿ ಗುಜರಿಗೆ ಹೋಯ್ತು, ಇದನ್ನ ನಾನು ಉಳಿಸಿಕೊಂಡೆ. ಹಾಕಿಸ್ಕೋತೀಯಾ?"

ಆಕೆ ಸ್ಟಾರ್ಟರನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಕೈ ಕೊಟ್ರೆ?"

"ಗ್ಯಾರಂಟಿ ಕಂಪನಿದು. ಬೈಯೋದಾದ್ರೆ ನನ್ನನ್ನ ಬೈಯಿ."

ಆಕೆ ನಕ್ಕಳು. "ಹಾಕಿ."

ಮೆಕ್ಯಾನಿಕ್ ಸಡಗರದಿಂದ ಅದನ್ನು ತೆಗೆದುಕೊಂಡು, ನಂಬರಿನ ಪಕ್ಕದ ತುಕ್ಕು ಉಜ್ಜಲು ಬಟ್ಟೆ ಎತ್ತಿದ. ಅತ್ತೆ ಅವನ ಕೈ ಹಿಡಿದರು.

"ಬಿಡಪ್ಪ. ಕಾಣಲಿ."